ಅಜ್ಞಾತ ಲವಣವೂ ಊರ ಬಾವಿಯ ನೀರೂ

ಪದವಿಪೂರ್ವ ತರಗತಿಯ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯ ದಿನ ಪ್ರತಿಯೊಬ್ಬ ವಿದ್ಯಾರ್ಥಿಯ ಮುಂದೆಯೂ ಒಂದು ಚಿಟಿಕೆ ಪುಡಿಯನ್ನು ಕಾಗದದಲ್ಲಿ ಮಡಿಸಿ ಇಡುವುದುಂಟು. ಬಹುಮಟ್ಟಿಗೆ ಅದು ಬಿಳಿಯ ಪುಡಿ. ಒಮ್ಮೊಮ್ಮೆ ನೀಲಿಯದೋ ಹಸುರಿನದೋ ಆಗಿರುತ್ತದೆ. ಇದಕ್ಕೆ 'ಅಜ್ಞಾತ ಲವಣ'ವೆಂದು ಹೆಸರು. ಲವಣವೆಂದರೆ ಎರಡು ಭಾಗಗಳ ಕೂಟ. ಧನ ವಿದ್ಯುದಂಶವನ್ನು ಹೊತ್ತ ಅಯಾನು ಒಂದು, ಋಣ ವಿದ್ಯುದಂಶವನ್ನು ಹೊತ್ತ ಅಯಾನು ಇನ್ನೊಂದು. ಆಮ್ಲ, ಕ್ಷಾರ, ಕೆಲವು ದ್ರಾವಣಗಳು, ಒಂದು ದೀಪ, ಹತ್ತಾರು ಪ್ರನಾಳಗಳು, ಇಷ್ಟನ್ನೇ ನೆಚ್ಚಿಕೊಂಡು ವಿದ್ಯಾರ್ಥಿಯು ಆ ಎರಡು ಅಯಾನುಗಳಾವುವೆಂದು ಪತ್ತೆಮಾಡಿ, ಹೇಗೆ ಪತ್ತೆಮಾಡಿದನೆಂಬುದನ್ನು ಕ್ರಮವಾಗಿ ಬರೆಯಬೇಕು. ಶಾಲೆಯಲ್ಲಿ ಕಲಿಸುವ ವಿದ್ಯೆಗಳಲ್ಲಿ ಉತ್ತರವು ಪುಸ್ತಕದಲ್ಲಿ ಇಲ್ಲದೆ ವಸ್ತುವಿನಲ್ಲಿಯೇ ಅಡಗಿರುವ ವಿದ್ಯೆ ಇದಕ್ಕಿಂತ ಬೇರೆ ಸುಲಭವಾಗಿ ಸಿಕ್ಕದು.

ಆದರೆ ಅನೇಕ ಕಡೆಗಳಲ್ಲಿ ಈ ಅಜ್ಞಾತವು ಹೆಸರಿಗೆ ಮಾತ್ರ ಅಜ್ಞಾತ. ಪರೀಕ್ಷೆಯ ಹಿಂದಿನ ಸಂಜೆಯ ಹೊತ್ತಿಗೆ ಯಾವ ಸೀಸೆಗೆ ಯಾವ ಸಂಖ್ಯೆಯ ಚೀಟಿ ಅಂಟಿದೆಯೆಂಬುದು ವಿದ್ಯಾರ್ಥಿನಿಲಯದವರೆಗೂ ಹರಡಿರುತ್ತದೆ. ಅಟೆಂಡರನ ಒಂದು ಕಣ್ಸನ್ನೆ, ಹಿಂದಿನ ತಂಡದವನ ಒಂದು ಪಿಸುಮಾತು, ಮಗು ನಪಾಸಾಗದಿರಲೆಂಬ ಅಧ್ಯಾಪಕನ ಕರುಣೆ, ಇವುಗಳಲ್ಲಿ ಯಾವುದಾದರೊಂದು ಸಾಕು. ಆಮೇಲೆ ವಿದ್ಯಾರ್ಥಿಯು ಉತ್ತರದಿಂದ ಹೊರಟು ಪ್ರಯೋಗದ ಕಡೆಗೆ ಹಿಂದುಹಿಂದಾಗಿ ನಡೆಯುತ್ತಾನೆ. ಬೇರಿಯಂ ಕ್ಲೋರೈಡ್ ಹಾಕದೆಯೇ ಬಿಳಿಯ ಪ್ರಕ್ಷೇಪ ಬಂದಿತೆಂದು ಬರೆಯುತ್ತಾನೆ. ದೀಪ ಹೊತ್ತಿಸದೆಯೇ ಇಟ್ಟಿಗೆಗೆಂಪು ಜ್ವಾಲೆ ಕಂಡಿತೆಂದು ಬರೆಯುತ್ತಾನೆ. ಕಾಣದುದನ್ನು ಕಂಡೆನೆಂದು ಬರೆಯುವ ಈ ಅಭ್ಯಾಸಕ್ಕೆ ಪೂರ್ಣಾಂಕಗಳೂ ದೊರೆಯುತ್ತವೆ. ಪ್ರಶ್ನೆಪತ್ರಿಕೆ ಬಯಲಾದರೆ ನಾಡೆಲ್ಲ ಕೂಗಾಡುತ್ತದೆ. ಲವಣದ ಹೆಸರು ಬಯಲಾದರೆ ಯಾರೂ ತುಟಿ ಬಿಚ್ಚುವುದಿಲ್ಲ. ವಾಸ್ತವದಲ್ಲಿ ಎರಡನೆಯದರಿಂದ ಆಗುವ ಹಾನಿಯೇ ಹೆಚ್ಚು. ಮೊದಲನೆಯದರಲ್ಲಿ ವಿದ್ಯಾರ್ಥಿಯು ಪರೀಕ್ಷಕನನ್ನು ವಂಚಿಸುತ್ತಾನೆ, ಎರಡನೆಯದರಲ್ಲಿ ತನ್ನ ಕಣ್ಣನ್ನೇ ವಂಚಿಸಲು ಕಲಿಯುತ್ತಾನೆ.

ಇದು ಕೇವಲ ರಸಾಯನಶಾಸ್ತ್ರದ ಅಧ್ಯಾಪಕರ ಚಿಂತೆಯಲ್ಲವೇ, ಭಾಷೆ ಕಲಿಸುವವರಿಗೆ ಇದರ ಗೊಡವೆ ಏಕೆ ಎಂದು ಕೇಳುವವರಿರಬಹುದು. ಹಳೆಯ ಕ್ರಮದಲ್ಲಿ ವ್ಯಾಕರಣವನ್ನೋ ತರ್ಕವನ್ನೋ ಓದಿದವರು ಒಂದು ದಿನ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ನೋಡಿದರೆ ಸಾಕು, ಅದು ತಮ್ಮ ಮನೆಯ ಕೆಲಸವೇ ಎಂದು ತಿಳಿಯುತ್ತದೆ. ಕೂಡಿಹೋದ ಎರಡು ಪದಗಳನ್ನು ಸಂಧಿ ಬಿಡಿಸಿ ಬೇರೆ ಮಾಡುವುದಕ್ಕೂ, ಕೂಡಿಹೋದ ಎರಡು ಅಯಾನುಗಳನ್ನು ಬೇರೆಬೇರೆಯಾಗಿ ಗುರುತಿಸುವುದಕ್ಕೂ ಬೇಕಾದ ಶಿಸ್ತು ಒಂದೇ. ಎಲ್ಲಿ ಎರಡು ಬಗೆಯಾಗಿ ಬಿಡಿಸಲು ಸಾಧ್ಯವೋ ಅಲ್ಲಿ ಬಾಯಿಗೆ ಬಂದ ಮೊದಲನೆಯ ಬಗೆಯನ್ನು ಹಿಡಿದು ನಿಲ್ಲಕೂಡದು. ಇನ್ನೊಂದು ಬಗೆ ಏಕೆ ಆಗದೆಂಬುದನ್ನು ತೋರಿಸಬೇಕು. ಜರ್ಮನಿಯ ಫ್ರೆಸೀನಿಯಸ್ ಎಂಬ ವಿದ್ವಾಂಸನು 1841ರಲ್ಲಿ ಗುಣಾತ್ಮಕ ವಿಶ್ಲೇಷಣೆಯ ಕೈಪಿಡಿಯನ್ನು ಪ್ರಕಟಿಸಿದನು. ಲೋಹಗಳನ್ನು ಗುಂಪುಗಳಾಗಿ ವಿಂಗಡಿಸಿ ಒಂದೊಂದೇ ಗುಂಪನ್ನು ಪ್ರಕ್ಷೇಪವಾಗಿ ಕೆಳಗಿಳಿಸುತ್ತ ಹೋಗುವ ಕ್ರಮವು ಅಂಥ ಕೈಪಿಡಿಗಳ ಮೂಲಕವೇ ಜಗತ್ತಿನ ಶಾಲೆಗಳಿಗೆ ಬಂದಿತು. ಅದರ ರಚನೆಯನ್ನು ನೋಡಿದರೆ ಸೂತ್ರ, ಅಪವಾದ, ಅಪವಾದಕ್ಕೆ ಪ್ರತ್ಯಪವಾದ ಎಂಬ ಹಳೆಯ ಹೆಜ್ಜೆಗಳೇ ಕಾಣುತ್ತವೆ.

ಒಂದು ದೃಷ್ಟಾಂತವನ್ನು ನೋಡಬಹುದು. ಕ್ಲೋರೈಡ್ ಅಯಾನು ಇರುವ ದ್ರಾವಣಕ್ಕೆ ಬೆಳ್ಳಿಯ ನೈಟ್ರೇಟನ್ನು ಸೇರಿಸಿದರೆ ಬಿಳಿಯ ಪ್ರಕ್ಷೇಪ ಬರುತ್ತದೆ. ಹಾಗಾದರೆ ಬಿಳಿಯ ಪ್ರಕ್ಷೇಪ ಬಂದಲ್ಲೆಲ್ಲ ಕ್ಲೋರೈಡ್ ಇದೆಯೆನ್ನಬಹುದೇ? ಕೂಡದು, ಕಾರ್ಬೊನೇಟ್ ಇದ್ದರೂ ಬೆಳ್ಳಿಯ ನೈಟ್ರೇಟು ಬಿಳುಪಾಗಿ ಕದಡುತ್ತದೆ. ತರ್ಕದ ಮಾತಿನಲ್ಲಿ ಹೇಳುವುದಾದರೆ ಇದು ಸವ್ಯಭಿಚಾರಿಯಾದ ಹೇತು. ಸಾಧ್ಯವಿರುವಲ್ಲಿಯೂ ಇರುತ್ತದೆ, ಇಲ್ಲದಿರುವಲ್ಲಿಯೂ ಇರುತ್ತದೆ. ಆದುದರಿಂದಲೇ ಮೊದಲು ಸಾರರಿಕ್ತ ನೈಟ್ರಿಕ್ ಆಮ್ಲವನ್ನು ಹಾಕಿ ಕಾರ್ಬೊನೇಟನ್ನು ಗುಳ್ಳೆಗಳಾಗಿ ಓಡಿಸಿಬಿಡಬೇಕು. ಅನಂತರ ಬಂದ ಪ್ರಕ್ಷೇಪವು ಅಮೋನಿಯಾ ದ್ರಾವಣದಲ್ಲಿ ಕರಗುವುದೇ ಎಂದೂ ನೋಡಬೇಕು. ಕ್ಲೋರೈಡಿನದಾದರೆ ಕರಗಿ ತಿಳಿಯಾಗುತ್ತದೆ. ಅಯೊಡೈಡಿನದಾದರೆ ಹಳದಿಯಾಗಿ ಕರಗದೆ ಕುಳಿತುಬಿಡುತ್ತದೆ. ಆಮ್ಲ ಹಾಕುವುದು ಏತಕ್ಕೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ವಿದ್ಯಾರ್ಥಿಗಳು 'ಪುಸ್ತಕದಲ್ಲಿದೆ' ಎನ್ನುತ್ತಾರೆ. ಹೇತುವಿನ ದೋಷವನ್ನು ನಿವಾರಿಸುವುದಕ್ಕೆ ಆ ನಾಲ್ಕು ಹನಿ ಆಮ್ಲವೆಂದು ಒಮ್ಮೆ ಮನಸ್ಸಿಗೆ ಬಂದರೆ, ಅದು ಜೀವಮಾನದಲ್ಲಿ ಮರೆಯದು.

ಮಾತಿನ ಕಡೆಯಿಂದಲೂ ಒಂದು ಆಕ್ಷೇಪವುಂಟು. ಉತ್ತರಪತ್ರಿಕೆಗಳಲ್ಲಿ ಎಲ್ಲ ಬಿಳುಪೂ ಒಂದೇ ಬಿಳುಪು. ಕಣ್ಣಿಟ್ಟು ನೋಡಿದವನಿಗೆ ಹಾಗಿಲ್ಲ. ಬೆಳ್ಳಿಯ ಕ್ಲೋರೈಡು ಒಡೆದ ಹಾಲಿನಂತೆ ಗಟ್ಟಿಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಬೇರಿಯಂ ಸಲ್ಫೇಟು ಸೀಮೆಸುಣ್ಣದ ಹುಡಿಯಂತೆ ನವುರಾಗಿ, ಭಾರವಾಗಿ ತಳಕ್ಕಿಳಿಯುತ್ತದೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡು ತಿಳಿಗಂಜಿಯ ಲೋಳೆಯಂತೆ ಇದ್ದೂ ಇಲ್ಲದ ಹಾಗೆ ತೇಲುತ್ತದೆ. ಸೀಸದ ಕ್ಲೋರೈಡು ಬಿಸಿನೀರಿನಲ್ಲಿ ಕರಗಿಹೋಗಿ, ಆರಿದೊಡನೆ ಸೂಜಿಸೂಜಿಯಾಗಿ ಮರಳಿ ಹುಟ್ಟುತ್ತದೆ. ಅದೇ ಸೀಸಕ್ಕೆ ಪೊಟ್ಯಾಸಿಯಂ ಅಯೊಡೈಡ್ ಸೇರಿಸಿ ಕಾಯಿಸಿ ಆರಿಸಿದರೆ ಬಂಗಾರದ ರೇಕುಗಳು ಮಿರುಗುತ್ತ ಇಳಿಯುವುದನ್ನು ಕಂಡ ಮಗುವು ಪ್ರಯೋಗಶಾಲೆಯಿಂದ ಹೊರಗೆ ಹೋಗಲೊಲ್ಲದು. ಒಡೆದ ಹಾಲು, ಗಂಜಿ, ಲೋಳೆ, ರೇಕು, ಇವೆಲ್ಲ ಹಳ್ಳಿಯ ಮಕ್ಕಳ ಬಾಯಲ್ಲಿ ಮೊದಲೇ ಇರುವ ಮಾತುಗಳು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದಾಗಲೇ ಕನ್ನಡದಲ್ಲಿ ಶಾಸ್ತ್ರವನ್ನು ಹೇಳಲು ಬರುತ್ತದೆಂಬುದು ಸಿದ್ಧವಾಗಿ ಹೋಯಿತು. ನೂರು ವರ್ಷಗಳಾದ ಮೇಲೂ 'ಬಿಳಿ ಪ್ರಕ್ಷೇಪ' ಎಂಬ ಎರಡೇ ಪದಗಳಲ್ಲಿ ಮುಗಿಸುವುದು ಭಾಷೆಯ ಬಡತನವಲ್ಲ, ನೋಟದ ಸೋಮಾರಿತನ.

ಪ್ರಯೋಗಶಾಲೆಯ ಹೊರಗೂ ಈ ವಿದ್ಯೆಯ ಬೇರುಗಳು ಉಚ್ಚಂಗಿದುರ್ಗದ ಸುತ್ತಣ ಹಳ್ಳಿಗಳಲ್ಲಿ ಹರಡಿಕೊಂಡಿವೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿಯಾಗುವುದನ್ನು ಅರಿಯದ ಗೃಹಿಣಿಯಿಲ್ಲ. ಉಚ್ಚಂಗೆಮ್ಮನ ಭಂಡಾರವಾದ ಅರಿಶಿನದ ಹುಡಿಯು ಕೈಗೆ ಹತ್ತಿದ್ದಾಗ ಸಾಬೂನು ಮುಟ್ಟಿದರೆ ಕೈ ಕೆಂಪಾಗುವುದನ್ನು ಮಕ್ಕಳೆಲ್ಲ ಕಂಡಿದ್ದಾರೆ. ಇದು ಕ್ಷಾರದ ಪರೀಕ್ಷೆ. ಹಳ್ಳದ ದಂಡೆಯಲ್ಲಿ ಬಿಳುಪಾಗಿ ಉಕ್ಕುವ ಸವಳುಮಣ್ಣನ್ನು ಹಿಂದೆ ಬಟ್ಟೆ ಒಗೆಯಲು ಬಳಸುತ್ತಿದ್ದರು. ಅದಕ್ಕೆ ನಿಂಬೆಯ ಹುಳಿ ಹಿಂಡಿದರೆ ಬುರಬುರನೆ ನೊರೆಯೇಳುತ್ತದೆ. ಇದು ಕಾರ್ಬೊನೇಟಿನ ಪರೀಕ್ಷೆ. ಈಶಾನ್ಯಕ್ಕೆ ಸಂಡೂರಿನ ಬೆಟ್ಟಗಳ ಕೆಮ್ಮಣ್ಣನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಯಿಸಿ, ಸೋಸಿ, ಪೊಟ್ಯಾಸಿಯಂ ಫೆರೊಸಯನೈಡಿನ ಒಂದು ಹನಿ ಹಾಕಿದರೆ ಕಡುನೀಲಿ ಬಣ್ಣ ಮೂಡುತ್ತದೆ. ಇದು ಕಬ್ಬಿಣದ ಪರೀಕ್ಷೆ. ಲೋಹಗಳನ್ನು ಉರಿಯ ಬಣ್ಣದಿಂದ ಗುರುತಿಸುವ ಮಾತು 'ರಸಾರ್ಣವ'ವೆಂಬ ಸಂಸ್ಕೃತ ರಸಗ್ರಂಥದಲ್ಲಿಯೂ ಬಂದಿದೆ. ತಾಮ್ರದ ಉರಿ ನೀಲಿಯೆಂದು ಅಲ್ಲಿ ಹೇಳಿದೆ. ಇದನ್ನು ಹೇಳಿ 'ನಮ್ಮವರಿಗೆ ಎಲ್ಲವೂ ಗೊತ್ತಿತ್ತು' ಎಂದು ಮೀಸೆ ತಿರುವುವುದರಿಂದ ಪ್ರಯೋಜನವಿಲ್ಲ. ಬುನ್ಸೆನ್ ಮತ್ತು ಕಿರ್ಖಾಫ್ ಎಂಬಿಬ್ಬರು ಅದೇ ಉರಿಯ ಬಣ್ಣವನ್ನು ಗಾಜಿನ ಪಟ್ಟಕದ ಮೂಲಕ ನೋಡಿ 1860ರಲ್ಲಿ ಸೀಸಿಯಂ ಎಂಬ ಹೊಸ ಧಾತುವನ್ನೇ ಕಂಡುಹಿಡಿದರು. ಅವರು ಅದನ್ನು ಕಂಡುದು ಯಾವ ಅಪೂರ್ವ ರತ್ನದಲ್ಲಿಯೂ ಅಲ್ಲ, ಡರ್ಕ್‌ಹೈಮ್ ಎಂಬ ಊರಿನ ಒಂದು ಬುಗ್ಗೆಯ ನೀರಿನಲ್ಲಿ.

ನೀರಿನ ಮಾತು ಬಂದಿತು. ಈ ಲೇಖನದ ಮುಖ್ಯ ವಿಷಯವೂ ಅದೇ.

ಉಚ್ಚಂಗಿಯ ಬೆಟ್ಟವು ಹನ್ನೆರಡನೆಯ ಶತಮಾನದಲ್ಲಿ ಪಾಂಡ್ಯರೆಂಬ ಮಾಂಡಲಿಕರ ನೆಲೆಯಾಗಿತ್ತು. ಅವರಿಂದ ಅದನ್ನು ಹೊಯ್ಸಳ ಇಮ್ಮಡಿ ಬಲ್ಲಾಳನು ಗೆದ್ದುಕೊಂಡನು. ಮುತ್ತಿಗೆಗೆ ಎದೆಯೊಡ್ಡಿ ನಿಲ್ಲುವ ಇಂಥ ಗಿರಿದುರ್ಗಗಳ ಜೀವವೆಲ್ಲ ಬಂಡೆಗಳ ನಡುವೆ ಹಿಡಿದಿಟ್ಟ ಮಳೆನೀರಿನಲ್ಲಿತ್ತು. ಕೆಳಗಿನ ಹಳ್ಳಿಗಳೂ ಕೆರೆಯನ್ನೂ ಆಳವಿಲ್ಲದ ತೆರೆದ ಬಾವಿಯನ್ನೂ ನೆಚ್ಚಿದ್ದವು. ಕಳೆದ ನಾಲ್ಕೈದು ದಶಕಗಳಲ್ಲಿ ಕೊಳವೆಬಾವಿ ಬಂದಿತು. ಮಳೆ ಕಡಮೆಯಾದ ಹಾಗೆಲ್ಲ ಅದು ಇನ್ನೂ ಆಳಕ್ಕೆ ಇಳಿಯಿತು. ಹಳೆಯ ಬಳ್ಳಾರಿ ಜಿಲ್ಲೆಯ ಪಶ್ಚಿಮದ ಈ ತಾಲ್ಲೂಕುಗಳಾದ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ನೆಲದಡಿಯ ಬಂಡೆ ಬದಲಾಗಿಲ್ಲ. ಆ ಬಂಡೆಯ ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರು ಬಹುಕಾಲ ಅದರೊಡನೆ ಇದ್ದಷ್ಟೂ ಹೆಚ್ಚು ಫ್ಲೋರೈಡನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಹೀಗೆ ಈ ಸೀಮೆಯ ಹಲವು ಊರುಗಳ ಕೊಳವೆಬಾವಿಗಳಲ್ಲಿ ಅದರ ಪ್ರಮಾಣವು ಮಿತಿಮೀರಿರುವುದು ಸರ್ಕಾರದ ಅಂತರ್ಜಲ ವರದಿಗಳಲ್ಲಿಯೇ ದಾಖಲಾಗಿದೆ.

ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ವಿಧಿಸಿರುವ ಮಿತಿಯು ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರು ಸಿಕ್ಕದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಿನ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಮೇಲೆ ಮೊದಲು ಸುಣ್ಣದಂಥ ಮಚ್ಚೆಗಳು, ಆಮೇಲೆ ಕಂದುಬಣ್ಣದ ಗೆರೆಗಳು ಮೂಡುತ್ತವೆ. ಪ್ರಮಾಣವು ಬಹಳ ಹೆಚ್ಚಾಗಿದ್ದು ವರ್ಷಗಟ್ಟಲೆ ಕುಡಿದರೆ ಕೀಲುಗಳು ಬಿಗಿದು, ಬೆನ್ನು ಬಾಗಿ ನೆಟ್ಟಗಾಗದು. 1937ರಲ್ಲಿ ಶಾರ್ಟ್ ಮತ್ತು ಆತನ ಸಂಗಡಿಗರಾದ ವೈದ್ಯರು ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಜನರಲ್ಲಿ ಈ ರೋಗವನ್ನು ಕಂಡು, ನೀರಿನ ಫ್ಲೋರೈಡೇ ಕಾರಣವೆಂದು ಬರೆದರು. ಆಗ ಹರಪನಹಳ್ಳಿಯನ್ನೂ ಒಳಗೊಂಡು ಬಳ್ಳಾರಿ ಜಿಲ್ಲೆಯೂ ಅದೇ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಬಳ್ಳಾರಿಯು ಸೇರಿದುದು 1953ರ ಅಕ್ಟೋಬರಿನಲ್ಲಿ. ರೋಗದ ಹೆಸರೂ ಕಾರಣವೂ ತಿಳಿದು ಇಷ್ಟು ವರ್ಷಗಳಾದರೂ, ಹಲ್ಲು ಕಂದಾದ ಹುಡುಗನಿಗೆ 'ಸರಿಯಾಗಿ ಹಲ್ಲುಜ್ಜುವುದಿಲ್ಲ' ಎಂಬ ಬೈಗುಳವೇ ಗತಿಯಾಗಿರುವ ತರಗತಿಗಳು ಇಂದಿಗೂ ಇಲ್ಲದಿಲ್ಲ.

ಇಲ್ಲಿಯೇ ಒಂದು ವಿಪರ್ಯಾಸವುಂಟು. ಹಳ್ಳಿಯವರು ನೀರನ್ನು ಪರೀಕ್ಷಿಸುವ ಒರೆಗಲ್ಲು ನಾಲಗೆ ಮತ್ತು ತೊಗರಿಬೇಳೆ. ಉಪ್ಪಾದ ನೀರು ಕೆಟ್ಟದ್ದು, ಸಿಹಿಯಾದುದು ಒಳ್ಳೆಯದು. ಬೇಳೆ ಬೇಯದ ನೀರು ಗಡಸು, ಬೇಗ ಬೇಯಿಸುವ ನೀರು ಮೃದು. ಕ್ಲೋರೈಡಿನ ಮಟ್ಟಿಗೆ ನಾಲಗೆಯೂ ಕ್ಯಾಲ್ಸಿಯಮ್ಮಿನ ಮಟ್ಟಿಗೆ ಬೇಳೆಯೂ ನಂಬತಕ್ಕ ಸಾಕ್ಷಿಗಳೇ ಸರಿ. ಆದರೆ ಕುಡಿಯುವ ನೀರಿನಲ್ಲಿ ಬರುವಷ್ಟು ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಅದಕ್ಕಿಂತ ಹೆಚ್ಚಿನದೆಂದರೆ, ಕ್ಯಾಲ್ಸಿಯಂ ಧಾರಾಳವಾಗಿರುವ ಗಡಸುನೀರಿನಲ್ಲಿ ಫ್ಲೋರೈಡು ಅದರೊಡನೆ ಕೂಡಿ ಕರಗದ ವಸ್ತುವಾಗಿ ಹೊರಬೀಳುವ ಸಂಭವವಿದೆ. ಸೋಡಾದ ಅಂಶ ಹೆಚ್ಚಾಗಿ ಕ್ಯಾಲ್ಸಿಯಂ ಕಡಮೆಯಾದ ಮೃದುನೀರಿನಲ್ಲಿ ಅದಕ್ಕೆ ಆ ತಡೆಯಿಲ್ಲ. ಎಂದರೆ ಬೇಳೆಯನ್ನು ಹೂವಿನಂತೆ ಬೇಯಿಸುವ ನೀರೇ ಕೆಲವೆಡೆ ಹಲ್ಲನ್ನು ಕೆಡಿಸುವ ನೀರಾಗಿರಬಹುದು. ಕಾಯಿಸಿ ಕುಡಿದರಾಯಿತೆಂಬ ಮಾತೂ ಇಲ್ಲಿ ನಡೆಯದು. ಕಾಯಿಸಿದರೆ ಕ್ರಿಮಿ ಸಾಯುತ್ತದೆ. ಫ್ಲೋರೈಡು ಸಾಯುವ ಜೀವಿಯಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಅಂಶ ಹೆಚ್ಚುತ್ತದೆ.

ಈಗ ಶಾಲೆಯ ಪ್ರಯೋಗಶಾಲೆಯ ಕಡೆಗೆ ಹಿಂತಿರುಗೋಣ. ಆ ನೀರನ್ನು ತಂದು ಬೆಳ್ಳಿಯ ನೈಟ್ರೇಟಿನಿಂದ ಪರೀಕ್ಷಿಸಿದರೆ ಏನಾಗುತ್ತದೆ? ಕ್ಲೋರೈಡ್, ಬ್ರೋಮೈಡ್, ಅಯೊಡೈಡ್ ಎಂಬ ಮೂವರು ಸೋದರರನ್ನು ಪ್ರಕ್ಷೇಪವಾಗಿ ಎಳೆದು ತೋರಿಸುವ ಬೆಳ್ಳಿಯು ನಾಲ್ಕನೆಯ ಸೋದರನಾದ ಫ್ಲೋರೈಡಿನ ವಿಷಯದಲ್ಲಿ ಮೌನವಾಗಿರುತ್ತದೆ, ಏಕೆಂದರೆ ಬೆಳ್ಳಿಯ ಫ್ಲೋರೈಡು ನೀರಿನಲ್ಲಿ ಕರಗುತ್ತದೆ. ಈ ಮೌನದಿಂದ ಫ್ಲೋರೈಡ್ ಇಲ್ಲವೆಂದು ಹೇಳುವುದು ತಪ್ಪು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ 'ಅನುಪಲಬ್ಧಿ'ಯನ್ನು ಒಂದು ಪ್ರಮಾಣವೆಂದು ಒಪ್ಪುತ್ತಾರೆ. ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು ಅದರ ಸ್ವರೂಪ. ನೈಯಾಯಿಕರು ಅದನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪುವುದಿಲ್ಲ. ಆದರೆ ಒಂದು ನಿಯಮದಲ್ಲಿ ಎಲ್ಲರೂ ಸಮ್ಮತರು: ಇದ್ದಿದ್ದರೆ ಕಾಣಲೇಬೇಕಾದ ವಸ್ತುವು ಕಾಣದಿದ್ದಾಗ ಮಾತ್ರ ಇಲ್ಲವೆನ್ನಬಹುದು. ಬೆಳಕಿರುವ ನೆಲದ ಮೇಲೆ ಕೊಡವು ಕಾಣದಿದ್ದರೆ ಕೊಡವಿಲ್ಲ. ಕತ್ತಲಲ್ಲಿ ಕಾಣದಿದ್ದರೆ ಇಲ್ಲವೆನ್ನುವಂತಿಲ್ಲ. ಪಿಶಾಚವು ಕಾಣದಿದ್ದ ಮಾತ್ರಕ್ಕೆ ಅದರ ಅಭಾವವು ಸಿದ್ಧವಾಗದೆಂದು ಶಾಸ್ತ್ರಕಾರರು ವಿನೋದವಾಗಿ ಹೇಳುವುದೂ ಇದನ್ನೇ. ಬೆಳ್ಳಿಯ ನೈಟ್ರೇಟಿನ ಕಣ್ಣಿಗೆ ಫ್ಲೋರೈಡು ಆ ಪಿಶಾಚವೇ ಸರಿ.

ಪದವಿಪೂರ್ವ ತರಗತಿಯ ಪಠ್ಯಪಟ್ಟಿಯಲ್ಲಿ ಕಾರ್ಬೊನೇಟಿನಿಂದ ಹಿಡಿದು ಆಕ್ಸಲೇಟ್, ಅಸಿಟೇಟುಗಳವರೆಗೆ ಹನ್ನೆರಡರಷ್ಟು ಋಣ ಅಯಾನುಗಳಿವೆ. ಫ್ಲೋರೈಡು ಮಾತ್ರ ಇಲ್ಲ. ಪಟ್ಟಿಯನ್ನು ಮಾಡಿದವರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ; ಇಡೀ ದೇಶಕ್ಕೆ ಒಂದೇ ಪಟ್ಟಿಯನ್ನು ಮಾಡುವವರಿಗೆ ಹರಪನಹಳ್ಳಿಯ ಕೊಳವೆಬಾವಿ ಕಾಣಬೇಕೆಂದರೆ ಹೇಗೆ? ಅದು ಕಾಣಬೇಕಾದುದು ಹರಪನಹಳ್ಳಿಯಲ್ಲಿ ಪಾಠ ಹೇಳುವವರಿಗೆ. ಸಲ್ಫೈಟನ್ನು ಬಾಯಿಪಾಠ ಹೇಳಬಲ್ಲ ಹುಡುಗನು ತಾನು ದಿನವೂ ಕುಡಿಯುವ ಅಯಾನಿನ ಹೆಸರನ್ನು ಕೇಳದೆಯೇ ಶಾಲೆ ಬಿಡುವಂತಾಗುವುದು ಪಟ್ಟಿಯ ದೋಷಕ್ಕಿಂತ ಹೆಚ್ಚಾಗಿ ಊರಿನ ದೋಷ.

ಫ್ಲೋರೈಡನ್ನು ಗುರುತಿಸುವ ಪರೀಕ್ಷೆಯು ಶಾಲೆಗೆ ನಿಲುಕದ್ದೇನೂ ಅಲ್ಲ. ಗಾಜನ್ನು ಕೊರೆಯುವ ಹೈಡ್ರೋಫ್ಲೋರಿಕ್ ಆಮ್ಲವನ್ನು ಎಬ್ಬಿಸಿ ನೋಡುವ ಹಳೆಯ ಪದ್ಧತಿಯು ಅಪಾಯಕರ. ಅದನ್ನು ಮಕ್ಕಳ ಮುಂದೆ ಮಾಡಲೇಕೂಡದು. ಅದಕ್ಕಿಂತ ಸೌಮ್ಯವಾದ ಇನ್ನೊಂದು ವಿಧಾನವಿದೆ. ಮಂಜಿಷ್ಠದ ಜಾತಿಯ ಬೇರುಗಳಿಂದ ಹಿಂದೆ ತೆಗೆಯುತ್ತಿದ್ದ ಅಲಿಜರಿನ್ ಎಂಬ ಬಣ್ಣಕ್ಕೆ ಸಂಬಂಧಿಸಿದ ಒಂದು ವಸ್ತುವನ್ನು ಜಿರ್ಕೋನಿಯಮ್ಮಿನ ಲವಣದೊಡನೆ ಆಮ್ಲದಲ್ಲಿ ಸೇರಿಸಿದರೆ ಕೆಂಪು ದ್ರಾವಣವಾಗುತ್ತದೆ. ಅದಕ್ಕೆ ಫ್ಲೋರೈಡಿರುವ ನೀರನ್ನು ಹಾಕಿದರೆ, ಫ್ಲೋರೈಡು ಜಿರ್ಕೋನಿಯಮ್ಮನ್ನು ಬಣ್ಣದ ಕೈಯಿಂದ ಕಿತ್ತುಕೊಂಡು ತಾನು ಅದರೊಡನೆ ಕೂಡಿಕೊಳ್ಳುತ್ತದೆ. ಒಡನಾಡಿಯನ್ನು ಕಳೆದುಕೊಂಡ ಬಣ್ಣವು ಕೆಂಪಿನಿಂದ ಹಳದಿಗೆ ತಿರುಗುತ್ತದೆ. ಬೇರೆ ಪರೀಕ್ಷೆಗಳಲ್ಲಿ ಏನಾದರೊಂದು ಹುಟ್ಟುವುದರಿಂದ ಅಯಾನು ತಿಳಿದರೆ, ಇಲ್ಲಿ ಇದ್ದ ಬಣ್ಣ ಅಳಿಯುವುದರಿಂದ ತಿಳಿಯುತ್ತದೆ.

ಎಷ್ಟಿದೆಯೆಂಬ ಸ್ಥೂಲವಾದ ಅಂದಾಜಿಗೂ ದಾರಿಯುಂಟು. ಅಧ್ಯಾಪಕರು 221 ಮಿಲಿಗ್ರಾಂ ಸೋಡಿಯಂ ಫ್ಲೋರೈಡನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಒಂದು ಲೀಟರು ಮಾಡಿದರೆ, ಅದರಲ್ಲಿ 100 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಅದರ 10 ಮಿಲಿಲೀಟರನ್ನು ಒಂದು ಲೀಟರಿಗೆ ಬೆಳೆಸಿದರೆ ಮಿತಿಯಾದ 1 ಮಿಲಿಗ್ರಾಂ. 15 ಮಿಲಿಲೀಟರನ್ನು ಬೆಳೆಸಿದರೆ 1.5. ಈ ಎರಡರ ಪಕ್ಕದಲ್ಲಿ ಬಟ್ಟಿ ಇಳಿಸಿದ ನೀರಿನ ಒಂದು ಪ್ರನಾಳ, ಊರ ನೀರಿನ ಒಂದು ಪ್ರನಾಳ. ನಾಲ್ಕಕ್ಕೂ ಒಂದೇ ಅಳತೆಯ ಕೆಂಪು ದ್ರಾವಣವನ್ನು ಹಾಕಿ, ಒಂದೇ ಹೊತ್ತು ಕಾದು, ಬಿಳಿಯ ಕಾಗದವನ್ನು ಹಿಂದೆ ಹಿಡಿದು ಬಣ್ಣಗಳನ್ನು ಹೋಲಿಸಬೇಕು. ಸೋಡಿಯಂ ಫ್ಲೋರೈಡು ವಿಷವಾದುದರಿಂದ ಅದನ್ನು ತೂಗುವುದೂ ಬೀಗದಲ್ಲಿಡುವುದೂ ಅಧ್ಯಾಪಕರ ಕೆಲಸವಾಗಿರತಕ್ಕದ್ದು. ಸಲ್ಫೇಟ್ ಅಥವಾ ಫಾಸ್ಫೇಟ್ ಬಹಳವಿದ್ದರೆ ಅವೂ ಬಣ್ಣವನ್ನು ಕೆಡಿಸುತ್ತವೆಂಬುದನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕು. ಸವ್ಯಭಿಚಾರ ಇಲ್ಲಿಯೂ ತಪ್ಪಿದ್ದಲ್ಲ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಖರ್ಚಿನದು ಹಗುರವಾದುದು, ಅದನ್ನು ಆಮೇಲೆ ನೋಡಬಹುದು. ಭಾರವಾದುದು ಇನ್ನೊಂದು. ಶಾಲೆಯ ಮಕ್ಕಳು ಒಂದು ಓಣಿಯ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆಯೆಂದು ಕಂಡರೆ ಮುಂದೇನು? ಊರಿನಲ್ಲಿ ಗಾಬರಿಯೇಳುವುದಿಲ್ಲವೇ? ಪಂಚಾಯಿತಿಯವರು ಮುಖ ಸಿಂಡರಿಸುವುದಿಲ್ಲವೇ? ಮಕ್ಕಳ ಕಣ್ಣಂದಾಜನ್ನು ನಂಬಿ ಬಾವಿ ಮುಚ್ಚಲಾದೀತೇ? ಈ ಪ್ರಶ್ನೆಗಳು ನ್ಯಾಯವಾದುವು. ಬಣ್ಣ ಹೋಲಿಸಿ ನೋಡುವ ಪರೀಕ್ಷೆಯು ಶಂಕೆಯನ್ನು ಹುಟ್ಟಿಸಲು ಸಾಕು, ತೀರ್ಪು ಕೊಡಲು ಸಾಲದು. ಶಂಕೆ ಬಂದ ನೀರನ್ನು ಸೀಸೆಯಲ್ಲಿ ತುಂಬಿ, ಬಾವಿಯ ಗುರುತು, ದಿನಾಂಕಗಳನ್ನು ಬರೆದು, ಸರ್ಕಾರದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಅಲ್ಲಿಂದ ಉತ್ತರ ಬರುವವರೆಗೆ ಮಕ್ಕಳೂ ಅಧ್ಯಾಪಕರೂ ಬಾಯಿ ಬಿಗಿಹಿಡಿದಿರಬೇಕು. 'ಇದೆ'ಯೆಂಬುದಕ್ಕೂ 'ಇರಬಹುದು' ಎಂಬುದಕ್ಕೂ ಇರುವ ಅಂತರವನ್ನು ಹದಿನೈದರ ವಯಸ್ಸಿನಲ್ಲಿ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇರೆ ಬೇಕೇ? 2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನಡಿಯಲ್ಲಿ ಹಳ್ಳಿಗೆ ಐದು ಮಂದಿ ಮಹಿಳೆಯರಿಗೆ ನೀರಿನ ಪರೀಕ್ಷಾ ಪೆಟ್ಟಿಗೆಯ ಬಳಕೆಯನ್ನು ಕಲಿಸುವ ಏರ್ಪಾಡಾಗಿದೆ. ಆ ಪೆಟ್ಟಿಗೆಗೂ ಅದೇ ಊರಿನ ಪ್ರೌಢಶಾಲೆಯ ಪ್ರಯೋಗಶಾಲೆಗೂ ಪರಸ್ಪರ ಮುಖಪರಿಚಯವಿಲ್ಲದಿರುವುದು ವಿಚಿತ್ರವೇ ಸರಿ. ಆ ತಾಯಂದಿರನ್ನು ಒಂದು ದಿನ ಶಾಲೆಗೆ ಬರಮಾಡಿಕೊಂಡು ಮಕ್ಕಳ ಮುಂದೆ ಪರೀಕ್ಷೆ ಮಾಡಿಸಿದರೆ, ಯಾರು ಯಾರಿಗೆ ಕಲಿಸಿದರೆಂಬುದನ್ನು ಹೇಳುವುದು ಕಷ್ಟವಾದೀತು.

ಶುದ್ಧ ನೀರಿನ ಘಟಕಗಳು ಊರೂರಿಗೂ ಬಂದಿವೆ, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ, ನದಿಯ ನೀರೂ ಕೊಳಾಯಿಯಲ್ಲಿ ಬರತೊಡಗಿದೆ, ಇನ್ನು ಈ ಗೊಡವೆಯೇಕೆ ಎನ್ನುವವರೂ ಇದ್ದಾರೆ. ಘಟಕವು ಕೆಟ್ಟು ನಿಂತ ವಾರದಲ್ಲಿ ಜನ ಯಾವ ನೀರನ್ನು ಕುಡಿಯುತ್ತಾರೆ? ಹೊಲದ ಕೆಲಸಕ್ಕೆ ಹೋದವರು ಯಾವ ಬಾವಿಗೆ ಬಾಯೊಡ್ಡುತ್ತಾರೆ? ಅಡುಗೆಗೆ, ಕೂಸಿನ ಗಂಜಿಗೆ ಯಾವ ನೀರು? ಘಟಕದ ಒಳಗಿನ ಸೋಸುಪೊರೆಯು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನೂ ಆ ಕೆಂಪು ದ್ರಾವಣವೇ ಹೇಳಬಲ್ಲದು. ಒಳಗೆ ಹೋಗುವ ನೀರನ್ನೂ ಹೊರಗೆ ಬರುವ ನೀರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರಾಯಿತು. 1970ರ ದಶಕದಲ್ಲಿ ನಾಗಪುರದ ರಾಷ್ಟ್ರೀಯ ಪರಿಸರ ಸಂಸ್ಥೆಯವರು ಪಟಿಕ ಮತ್ತು ಸುಣ್ಣದಿಂದ ಫ್ಲೋರೈಡನ್ನು ತೆಗೆಯುವ ನಲಗೊಂಡ ವಿಧಾನವನ್ನು ರೂಪಿಸಿದರು. ಅದು ಸರಿಯಾಗಿ ನಡೆಯಬೇಕಾದರೂ ಪಟಿಕ ಹಾಕುವ ಮುನ್ನ ಒಮ್ಮೆ, ಹಾಕಿದ ಬಳಿಕ ಒಮ್ಮೆ ಪರೀಕ್ಷೆ ಆಗಲೇಬೇಕು.

ಈ ವಿಷಯದಲ್ಲಿ ಕಾಲಕ್ಕೂ ಒಂದು ಪಾಲಿದೆ. ಶಾಶ್ವತವಾದ ಹಲ್ಲುಗಳ ಮೇಲೆ ಫ್ಲೋರೈಡು ತನ್ನ ಮಚ್ಚೆಯನ್ನೊತ್ತುವುದು ಅವು ವಸಡಿನ ಒಳಗೆ ರೂಪುಗೊಳ್ಳುತ್ತಿರುವಾಗ, ಎಂದರೆ ಬಹುಮಟ್ಟಿಗೆ ಎಂಟು ವರ್ಷ ತುಂಬುವುದರೊಳಗೆ. ಪ್ರೌಢಶಾಲೆಗೆ ಬಂದ ಹುಡುಗನ ಹಲ್ಲಿನ ಮೇಲೆ ಕಂದು ಗೆರೆಯಿದ್ದರೆ ಅದು ಹತ್ತು ವರ್ಷಗಳ ಹಿಂದೆ ಅವನ ಮನೆಗೆ ಬಂದ ನೀರಿನ ಲಿಖಿತ ಸಾಕ್ಷ್ಯ. ನೀರು ಬದಲಾಯಿಸಿದರೂ ಅದು ಅಳಿಯದು. ಅವನು ಮಾಡುವ ಪರೀಕ್ಷೆಯಿಂದ ಅವನ ಹಲ್ಲಿಗೆ ಏನೂ ಲಾಭವಿಲ್ಲ. ಆದರೆ ಮನೆಯಲ್ಲಿ ಅವನ ತಮ್ಮನಿಗೆ ಎರಡು ವರ್ಷ. ಅಕ್ಕನ ಮಗುವಿಗೆ ಇನ್ನೂ ಹಾಲುಹಲ್ಲು. ಪರೀಕ್ಷೆಯ ಫಲ ಅವರದು. ಇದನ್ನು ಬಲ್ಲ ಹುಡುಗನು ಪ್ರನಾಳವನ್ನು ಹಿಡಿಯುವ ರೀತಿಗೂ, ಇಪ್ಪತ್ತೈದು ಅಂಕಗಳಿಗಾಗಿ ಹಿಡಿಯುವವನ ರೀತಿಗೂ ವ್ಯತ್ಯಾಸವಿದ್ದೇ ಇರುತ್ತದೆ.

ಖರ್ಚಿನ ಮಾತು ದಾನಿಗಳಿಗೆ ಸಂಬಂಧಿಸಿದುದು. ಮಠದ ಶಾಲೆಗಳು ನಿಂತಿರುವುದೇ ಭಕ್ತರ ದವಸದಿಂದ, ದಾನಿಗಳ ಔದಾರ್ಯದಿಂದ. ಕೊಠಡಿ ಕಟ್ಟಿಸಿಕೊಟ್ಟವರ ಹೆಸರು ಬಾಗಿಲ ಮೇಲೆ ಅಮೃತಶಿಲೆಯಲ್ಲಿ ಶಾಶ್ವತವಾಗಿರುವುದು ಯೋಗ್ಯವೇ ಆಗಿದೆ. ಆದರೆ ಬೆಳ್ಳಿಯ ನೈಟ್ರೇಟಿನ ಸೀಸೆಯ ಮೇಲೆ ಶಿಲಾಫಲಕವನ್ನು ಕೂಡಿಸಲು ಬರುವುದಿಲ್ಲ. ಅದು ಕಂದು ಗಾಜಿನ ಪುಟ್ಟ ಸೀಸೆ. ಬೆಳಕು ಬಿದ್ದರೆ ಕಪ್ಪಾಗುತ್ತದೆ, ಬಳಸಿದರೆ ಮುಗಿದುಹೋಗುತ್ತದೆ, ಮುಂದಿನ ವರ್ಷ ಮತ್ತೆ ಕೊಳ್ಳಬೇಕು. ಈ ಕಾರಣದಿಂದಲೇ ಒಳ್ಳೆಯ ಕಟ್ಟಡದ ಒಳಗೆ ಬರಿದಾದ ಕಪಾಟುಗಳಿರುವ ಪ್ರಯೋಗಶಾಲೆಗಳು ಎಲ್ಲೆಡೆಯೂ ಕಾಣಸಿಗುತ್ತವೆ. ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರುಗಳೂ ವೈದ್ಯರೂ ಔಷಧದ ಅಂಗಡಿಯವರೂ ಅನೇಕರಿದ್ದಾರೆ. ಅವರಲ್ಲಿ ಹತ್ತು ಮಂದಿ ಕೂಡಿ, ವರ್ಷವರ್ಷವೂ ಮುಗಿಯುವ ವಸ್ತುಗಳಿಗಾಗಿಯೇ ಒಂದು ಸಣ್ಣ ನಿಧಿಯನ್ನಿಟ್ಟು ಅದರ ಬಡ್ಡಿಯನ್ನು ಪ್ರಯೋಗಶಾಲೆಗೆ ಬಿಟ್ಟುಕೊಟ್ಟರೆ, ಅದು ಇನ್ನೊಂದು ಕೊಠಡಿಗಿಂತ ಹೆಚ್ಚಿನ ಕೆಲಸ ಮಾಡೀತು. ಬರಿದಾದ ಸೀಸೆಯನ್ನು ತುಂಬಿಸಿಕೊಟ್ಟವರ ಹೆಸರನ್ನು ಕೆತ್ತುವ ಕಲ್ಲಿಲ್ಲದಿದ್ದರೂ ಇಂಥ ಸಂಚಿಕೆಯಲ್ಲಿ ಅಚ್ಚುಹಾಕುವುದಕ್ಕೆ ಒಂದು ಪುಟವಿದೆ.

ಅಧ್ಯಾಪಕರು ಮಾಡಬೇಕಾದುದಕ್ಕೆ ಹಣ ಬೇಕಿಲ್ಲ. ಶ್ರಾವಣ ಕಳೆದ ಮೇಲೊಮ್ಮೆ, ಬೇಸಗೆ ಏರುವ ಮುನ್ನ ಶಿವರಾತ್ರಿಯ ಸುಮಾರಿಗೆ ಇನ್ನೊಮ್ಮೆ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯವರು ಕುಡಿಯುವ ನೀರನ್ನು ಸೀಸೆಯಲ್ಲಿ ತರಬೇಕು. ಸೀಸೆಗಳಿಗೆ ಸಂಖ್ಯೆಯನ್ನು ಅಂಟಿಸುವವರು ಬೇರೆ ತರಗತಿಯ ಅಧ್ಯಾಪಕರಾಗಿರಬೇಕು. ಯಾರ ನೀರನ್ನು ಯಾರು ಪರೀಕ್ಷಿಸುತ್ತಿದ್ದಾರೆಂಬುದು ಮಕ್ಕಳಿಗೂ ತಿಳಿಯಬಾರದು, ಅವರ ಅಧ್ಯಾಪಕರಿಗೂ ತಿಳಿಯಬಾರದು. ಕ್ಲೋರೈಡಿಗೆ ಬೆಳ್ಳಿ, ಸಲ್ಫೇಟಿಗೆ ಬೇರಿಯಂ, ಕ್ಯಾಲ್ಸಿಯಮ್ಮಿಗೆ ಅಮೋನಿಯಂ ಆಕ್ಸಲೇಟ್, ಕಬ್ಬಿಣಕ್ಕೆ ಥಯೊಸಯನೇಟಿನ ರಕ್ತಗೆಂಪು, ಫ್ಲೋರೈಡಿಗೆ ಅಳಿಯುವ ಕೆಂಪು. ಕಂಡುದನ್ನು ಕಂಡಂತೆ, ಕಾಣದುದನ್ನು ಕಾಣಲಿಲ್ಲವೆಂದು ಶಾಯಿಯಲ್ಲಿ ಬರೆಯಬೇಕು. ತಿದ್ದಿದರೆ ತಿದ್ದಿದ ಗುರುತು ಉಳಿಯಬೇಕು. ಅದೆಲ್ಲ ಒಂದು ದಪ್ಪ ರಟ್ಟಿನ ರಿಜಿಸ್ಟರಿನಲ್ಲಿ ಸೇರಿ, ಶಾಲೆಯ ಕಛೇರಿಯ ಬೀರುವಿನಲ್ಲಿ ದಾಖಲಾತಿ ಪುಸ್ತಕದ ಪಕ್ಕದಲ್ಲಿ ಇರಬೇಕು. ಮರುವರ್ಷದ ಮಕ್ಕಳು ಅದೇ ಬಾವಿಗಳ ನೀರನ್ನು ತಂದಾಗ, ಅವರ ಕೊನೆಯ ಪ್ರನಾಳವು ತೊಳೆದು ಬೋರಲು ಹಾಕಿ ಆಗುವವರೆಗೂ ಆ ಬೀರುವಿನ ಬೀಗದ ಕೈ ಮುಖ್ಯೋಪಾಧ್ಯಾಯರ ಜೇಬಿನಲ್ಲಿಯೇ ಇರತಕ್ಕದ್ದು.